ಚಿಕ್ಕ ಕಾಲೇಜುಗಳು ದೊಡ್ಡವರನ್ನು ಕೆಡವಿದ ಋತು

ಅಮೆರಿಕಕ್ಕೆ ಎಂ.ಎಸ್. ಓದಲು ಹೋದ ಮಕ್ಕಳು ಮೊದಲ ಸಲ ಮನೆಗೆ ಬರುವಾಗ ಅಪ್ಪನಿಗೊಂದು ಟೀ ಶರ್ಟ್ ತರುವುದು ಮುಂಬಯಿಯ ನಮ್ಮವರ ಮನೆಗಳಲ್ಲಿ ಈಗ ವಾಡಿಕೆಯಾಗಿದೆ. ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ವಿಶ್ವವಿದ್ಯಾಲಯದ ಹೆಸರು. ಅದನ್ನು ತೊಟ್ಟು ಬೆಳಿಗ್ಗೆ ಹಾಲು, ಪೇಪರು ತರಲು ಇಳಿಯುವ ಹಿರಿಯರಲ್ಲಿ ಹೆಚ್ಚಿನವರು ಅದು ವಿದ್ಯೆಯ ಗುರುತೆಂದೇ ತಿಳಿದಿದ್ದಾರೆ. ನಿಜವಾಗಿ ಆ ಬಣ್ಣ, ಆ ಅಕ್ಷರ, ಹುಲಿ ಕರಡಿಗಳ ಆ ಚಿತ್ರ ಬಹಳ ಸಲ ಒಂದು ಆಟದ ತಂಡದ್ದು. ಶನಿವಾರ ರಾತ್ರಿ ಮಕ್ಕಳಿಗೆ ಫೋನ್ ಮಾಡಿದರೆ ‘ಇವತ್ತು ಗೇಮ್ ಇದೆ, ನಾಳೆ ಮಾತಾಡ್ತೇನೆ’ ಎಂದು ಇಟ್ಟುಬಿಡುವುದೂ ಇದೇ ಆಟದ ದೆಸೆಯಿಂದ.

ಆಟದ ಹೆಸರು ಫುಟ್‌ಬಾಲ್. ಆದರೆ ಕೂಪರೇಜ್ ಮೈದಾನದಲ್ಲಿ ನಾವು ನೋಡುವ ಫುಟ್‌ಬಾಲ್ ಇದಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಸೆಪ್ಟೆಂಬರ್ ಆಸುಪಾಸಿನಲ್ಲಿ ಆರಂಭವಾಗಿ ನವೆಂಬರ್ ಕೊನೆಯವರೆಗೆ ಪ್ರತಿ ಶನಿವಾರ ಕಾಲೇಜು ಕಾಲೇಜುಗಳ ನಡುವೆ ನಡೆಯುತ್ತದೆ. ಒಂದು ತಂಡಕ್ಕೆ ಸಾಮಾನ್ಯವಾಗಿ 12 ಪಂದ್ಯ. ಅಕ್ಟೋಬರ್ ಮಧ್ಯಕ್ಕೆ ಅರ್ಧ ಋತು ಮುಗಿಯುತ್ತದೆ. ಆಗ ಅಲ್ಲಿನ ಪತ್ರಿಕೆಗಳು ಯಾರು ಮೇಲೆ ಯಾರು ಕೆಳಗೆ, ಯಾರ ಆಕ್ರಮಣ ಹೇಗಿದೆ ಎಂದು ಅರ್ಧವಾರ್ಷಿಕ ಲೆಕ್ಕ ಒಪ್ಪಿಸುತ್ತವೆ, ನಮ್ಮ ಬ್ಯಾಂಕುಗಳಲ್ಲಿ ಸೆಪ್ಟೆಂಬರ್ 30ಕ್ಕೆ ಮಾಡುವಂತೆ. ಈ ಅರ್ಧವಾರ್ಷಿಕ ಲೆಕ್ಕ ಪೂರ್ತಿ ತಲೆಕೆಳಗಾದ ವರ್ಷ 2007. ಆ ವರ್ಷ ಏನಾಯಿತೆಂದು ತಿಳಿದರೆ ಈ ಆಟದ ಒಳಮರ್ಮ ತಿಳಿದಂತೆ, ಮತ್ತು ನಮ್ಮ ಮಕ್ಕಳು ಶನಿವಾರ ಫೋನ್ ಯಾಕೆ ಇಡುತ್ತಾರೆಂಬುದೂ ತಿಳಿದಂತೆ.

ಮೊದಲು ನಿಯಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಂಗಣ 100 ಗಜ ಉದ್ದ, 53 ಗಜಕ್ಕಿಂತ ತುಸು ಹೆಚ್ಚು ಅಗಲ. ಎರಡೂ ತುದಿಯಲ್ಲಿ 10 ಗಜದ ಒಂದೊಂದು ಪಟ್ಟಿ. ಪ್ರತಿ ಕಡೆ 11 ಮಂದಿ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಆ ನಾಲ್ಕರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಪಟ್ಟಿಯೊಳಗೆ ಚೆಂಡು ಸೇರಿಸಿದರೆ ಟಚ್‌ಡೌನ್, ಆರು ಅಂಕ. ಅದರ ಬೆನ್ನಿಗೆ ಒದ್ದು ಒಂದು ಅಂಕ, ಅಥವಾ ಇನ್ನೊಮ್ಮೆ ಒಳನುಗ್ಗಿ ಎರಡು. ಪಟ್ಟಿ ಮುಟ್ಟಲಾಗದಿದ್ದರೆ ದೂರದಿಂದ ಕಂಬಗಳ ನಡುವೆ ಒದ್ದು ಮೂರು ಅಂಕ, ಅದು ಫೀಲ್ಡ್ ಗೋಲ್. ಚೆಂಡನ್ನು ಮೊದಲು ಕೈಗೆ ಪಡೆದು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂದು ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ತಂಡದ ಮೆದುಳು ಎಂದರೆ ಅವನು. ಅವನ ಮುಂದೆ ಗೋಡೆಯಂತೆ ಐದು ಮಂದಿ ದೈತ್ಯರು ನಿಲ್ಲುತ್ತಾರೆ. ಅವರ ಹೆಸರು ಪೇಪರಿನಲ್ಲಿ ಬರುವುದು ತಪ್ಪು ಮಾಡಿದಾಗ ಮಾತ್ರ.

ಈ ಆಟದ ಹುಟ್ಟೇ ಬಲ ಪ್ರದರ್ಶನಕ್ಕೆ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಪಂದ್ಯವನ್ನು ಮೊದಲನೆಯದೆಂದು ಲೆಕ್ಕ ಹಿಡಿಯುತ್ತಾರೆ. ಮುಂದೆ ಚೆಂಡು ಹಿಡಿದವನ ಸುತ್ತ ಗುಂಪುಗೂಡಿ, ಕೈಕೈ ಹಿಡಿದು, ಗೂಳಿಗಳಂತೆ ನುಗ್ಗುವುದೇ ಆಟವಾಯಿತು. ಕಾಲೇಜು ಹುಡುಗರು ಅಂಗಣದಲ್ಲೇ ಸಾಯತೊಡಗಿದರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸಿರೆಂದು ಹೇಳಬೇಕಾಯಿತು. 1906ರಲ್ಲಿ ಬಂದ ಹೊಸ ನಿಯಮಗಳಲ್ಲಿ ಮುಖ್ಯವಾದದ್ದು ಚೆಂಡನ್ನು ಮುಂದಕ್ಕೆ ಎಸೆಯಲು ಕೊಟ್ಟ ಅನುಮತಿ. ಜೀವ ಉಳಿಸಲು ತಂದ ಈ ನಿಯಮವೇ ಮುಂದೆ ಬಲಹೀನರ ಕೈಯಲ್ಲಿ ಆಯುಧವಾಯಿತು. 1913ರ ನವೆಂಬರ್ 1ರಂದು ಆಗಿನ್ನೂ ದೊಡ್ಡ ಹೆಸರಿಲ್ಲದ ನಾಟರ್‌ಡೇಮ್ ಕಾಲೇಜಿನವರು ಬಲಾಢ್ಯ ಆರ್ಮಿ ತಂಡವನ್ನು ಅವರದೇ ಅಂಗಣದಲ್ಲಿ ಚೆಂಡು ಎಸೆದೆಸೆದೇ 35–13ರಿಂದ ಸೋಲಿಸಿದರು. ಗುದ್ದಿ ಗೆಲ್ಲಲಾಗದಿದ್ದರೆ ತಲೆಯ ಮೇಲಿನಿಂದ ದಾಟಿಸು ಎಂಬ ಪಾಠ ಅಂದೇ ಆರಂಭ.

ಇನ್ನು 2007ಕ್ಕೆ ಬರೋಣ.

ಸೆಪ್ಟೆಂಬರ್ 1, ಋತುವಿನ ಮೊದಲ ಶನಿವಾರ. ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರು. ಮಿಷಿಗನ್ ವಿಶ್ವವಿದ್ಯಾಲಯದ ತಂಡ ದೇಶದಲ್ಲಿ 5ನೇ ಸ್ಥಾನದಲ್ಲಿತ್ತು. ಅಂಗಣದಲ್ಲಿ 1 ಲಕ್ಷ 9 ಸಾವಿರಕ್ಕೂ ಹೆಚ್ಚು ಜನ. ವಾಂಖೇಡೆಯಂಥ ಮೂರು ಸ್ಟೇಡಿಯಂ ತುಂಬುವಷ್ಟು ಎಂದಿಟ್ಟುಕೊಳ್ಳಿ. ಎದುರಾಳಿ ಅಪಲೇಚಿಯನ್ ಸ್ಟೇಟ್, ನಾರ್ತ್ ಕೆರೋಲಿನಾದ ಬೂನ್ ಎಂಬ ಗುಡ್ಡದ ಊರಿನ ಕಾಲೇಜು. ಅವರು ಆಡುವುದು ಎರಡನೇ ದರ್ಜೆಯಲ್ಲಿ. ಮೊದಲ ದರ್ಜೆಯವರು 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಿತ್ತು, ಎರಡನೇ ದರ್ಜೆಯವರು 63ರಷ್ಟಕ್ಕೆ ಮಾತ್ರ. ತಮ್ಮ ದರ್ಜೆಯಲ್ಲಿ ಅವರು 2005, 2006ರಲ್ಲಿ ಚಾಂಪಿಯನ್ನರಾಗಿದ್ದರು ನಿಜ. ಆದರೆ ದೊಡ್ಡವರ ಮನೆಗೆ ಅವರನ್ನು ಕರೆಯುವುದು ಗೆಲ್ಲಲಿಕ್ಕಲ್ಲ. ಋತುವಿನ ಆರಂಭದಲ್ಲಿ ಸುಲಭ ಗೆಲುವೊಂದು ಬೇಕು, ಊರಿನ ಜನಕ್ಕೆ ಹಬ್ಬವೊಂದು ಬೇಕು. ಸೋಲಲು ಬರುವವರಿಗೆ ದುಡ್ಡು ಕೊಡುತ್ತಾರೆ. ಆ ದಿನ ಮಿಷಿಗನ್ ಕೊಡಲು ಒಪ್ಪಿದ್ದು 4 ಲಕ್ಷ ಡಾಲರ್. ಚಿಕ್ಕ ಕಾಲೇಜಿನ ಕ್ರೀಡಾ ವಿಭಾಗಕ್ಕೆ ಅದು ದೊಡ್ಡ ಮೊತ್ತ. ಹುಡುಗರು ಪೆಟ್ಟು ತಿಂದು ಬರುತ್ತಾರೆ, ಕಾಲೇಜಿನ ಖಾತೆಗೆ ಜಮಾ ಆಗುತ್ತದೆ.

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ನಮ್ಮಂಥವರಿಗೆ ಇಂಥ ಲೆಕ್ಕ ಬೇಗ ಅರ್ಥವಾಗುತ್ತದೆ. ಹಗಲು ಕಾಲೇಜಿನವರಿಗೆ ಮೈದಾನ, ಜಿಮ್‌ಖಾನಾ, ಕೋಚು. ನಮ್ಮವರು ಆಫೀಸು ಮುಗಿಸಿ ನೇರ ಕ್ಲಾಸಿಗೆ, ಕ್ಲಾಸು ಮುಗಿಸಿ ಕೊನೆಯ ಲೋಕಲಿಗೆ. ಅಂತರ ಕಾಲೇಜು ಕಬಡ್ಡಿಗೆ ಏಳು ಮಂದಿಯನ್ನು ಹೊಂದಿಸುವುದೇ ಒಂದು ಗೆಲುವು. ಇರಲಿ.

ಆ ಪಂದ್ಯದಲ್ಲಿ ಅರ್ಧಾವಧಿಗೆ ಅಪಲೇಚಿಯನ್ 28, ಮಿಷಿಗನ್ 17. ಲಕ್ಷ ಜನ ಕುಳಿತಲ್ಲೇ ಕಲ್ಲಾದರು. ಕ್ವಾರ್ಟರ್‌ಬ್ಯಾಕ್ ಅರ್ಮಾಂಟಿ ಎಡ್ವರ್ಡ್ಸ್ ಎಂಬ ತೆಳ್ಳನೆಯ ಹುಡುಗ ಮೂರು ಟಚ್‌ಡೌನ್ ಎಸೆದ, ಒಂದನ್ನು ತಾನೇ ಓಡಿ ಗಳಿಸಿದ. ಮಿಷಿಗನ್ ಚೇತರಿಸಿಕೊಂಡು ಕೊನೆಯ ಐದು ನಿಮಿಷದೊಳಗೆ 32–31ರ ಮುನ್ನಡೆ ಪಡೆಯಿತು. 26 ಸೆಕೆಂಡು ಉಳಿದಿರುವಾಗ ಅಪಲೇಚಿಯನ್ ಫೀಲ್ಡ್ ಗೋಲ್ ಹೊಡೆದು 34–32 ಮಾಡಿತು. ಮುಗಿಯಿತೇ ಎಂದರೆ ಇಲ್ಲ. ಮಿಷಿಗನ್ ಒಂದೇ ಎಸೆತದಲ್ಲಿ 46 ಗಜ ಮುಂದೆ ಬಂದು ಗೆಲುವಿನ ಫೀಲ್ಡ್ ಗೋಲಿಗೆ ಸಜ್ಜಾಯಿತು. ಒದೆಯುತ್ತಿದ್ದಂತೆ ಕೋರಿ ಲಿಂಚ್ ನುಗ್ಗಿ ಚೆಂಡನ್ನು ಮೈಯೊಡ್ಡಿ ತಡೆದ. ಎರಡನೇ ದರ್ಜೆಯ ತಂಡವೊಂದು ಅಸೋಸಿಯೇಟೆಡ್ ಪ್ರೆಸ್ ಪಟ್ಟಿಯಲ್ಲಿದ್ದ ಮೊದಲ ದರ್ಜೆಯ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಆ ಪಟ್ಟಿಗೆ ಮತ ಹಾಕುವ ನಿಯಮವನ್ನೇ ಮರುವಾರ ಬದಲಿಸಬೇಕಾಯಿತು. ಚಿಕ್ಕ ದರ್ಜೆಯವರಿಗೂ ಮತ ಕೊಡಬಹುದೆಂದು ಆಯಿತು.

ಹೇಗೆ ಸಾಧ್ಯವಾಯಿತು? ಇಲ್ಲಿಯೇ ತಂತ್ರದ ಮಾತು.

ಹಳೆಯ ಪದ್ಧತಿಯಲ್ಲಿ ಆಕ್ರಮಣದವರು ಚೆಂಡಿನ ಸುತ್ತ ಒತ್ತೊತ್ತಾಗಿ ನಿಲ್ಲುತ್ತಾರೆ. ರಕ್ಷಣೆಯವರೂ ಅಲ್ಲೇ ಒತ್ತಾಗಿ ನಿಲ್ಲುತ್ತಾರೆ. ಆಗ ಗೆಲ್ಲುವವರು ತೂಕದವರು. ದೊಡ್ಡ ವಿಶ್ವವಿದ್ಯಾಲಯಗಳಿಗೆ ದೇಶದ ಅತಿ ದೊಡ್ಡ, ಅತಿ ಬಲದ ಹುಡುಗರು ಸಿಗುತ್ತಾರೆ. ಉಳಿದವರು ಚಿಕ್ಕವರಿಗೆ. ಹಾಗಾದರೆ ಒತ್ತಾಗಿ ನಿಲ್ಲುವುದೇ ಯಾಕೆ ಎಂದು ಕೆಲವು ಬಡ ಕಾಲೇಜುಗಳ ಕೋಚುಗಳು ಕೇಳಿಕೊಂಡರು. ನಾಲ್ಕೈದು ಓಟಗಾರರನ್ನು ಅಂಗಣದ ಅಂಚಿನವರೆಗೆ ಹರಡಿ ನಿಲ್ಲಿಸಿದರೆ, ಅವರನ್ನು ಕಾಯಲು ರಕ್ಷಣೆಯವರೂ ಹರಡಲೇಬೇಕು. ನಡುವೆ ಬಯಲು. ಇದಕ್ಕೆ ಸ್ಪ್ರೆಡ್ ಎಂದೇ ಹೆಸರು.

ಕಬಡ್ಡಿ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಎದುರು ಏಳು ಮಂದಿ ಇರುವಾಗ ರೈಡರ್‌ಗೆ ಅಂಗಣ ಇಕ್ಕಟ್ಟು. ಮೂಲೆಯವರು ಮುಚ್ಚಿಕೊಂಡು ಬರುತ್ತಾರೆ, ಸರಪಳಿ ಬಿಗಿಯಾಗುತ್ತದೆ. ನಾಲ್ವರು ಔಟಾದ ಮೇಲೆ ಅದೇ ಅಂಗಣ ಎಷ್ಟು ವಿಶಾಲ! ಚುರುಕಿನ ಸಣ್ಣ ಹುಡುಗ ಕೂಡ ಅಲ್ಲಿ ರಾಜ. ಸ್ಪ್ರೆಡ್ ಪದ್ಧತಿ ಎದುರಾಳಿಯ ಯಾರನ್ನೂ ಔಟ್ ಮಾಡದೆಯೇ ನಡುವಿನ ಅಂಗಣವನ್ನು ಹಾಗೆ ಖಾಲಿ ಮಾಡಿಸುತ್ತದೆ.

ಇದಕ್ಕೊಂದು ಇನ್ನೂ ಸೊಗಸಾದ ಲೆಕ್ಕವಿದೆ. ಹಳೆಯ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನಿಗೆ ಕೊಟ್ಟ ಮೇಲೆ ಪ್ರೇಕ್ಷಕನಾಗಿಬಿಡುತ್ತಾನೆ. ಅಂದರೆ 11 ರಕ್ಷಕರ ಎದುರು ಆಡುವವರು ನಿಜಕ್ಕೆ 10 ಮಂದಿ. ಆರಂಭದಲ್ಲೇ ಒಂದು ಖಾತೆ ಕೊರತೆ. 1990ರ ದಶಕದ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಎಂಬ ಪುಟ್ಟ ಕಾಲೇಜಿನಲ್ಲಿ ರಿಚ್ ರಾಡ್ರಿಗೆಜ್ ಎಂಬ ಯುವ ಕೋಚ್ ಇದ್ದರು. ಒಂದು ದಿನ ಅಭ್ಯಾಸದಲ್ಲಿ ಅವರ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಕೈಗೆ ಸರಿಯಾಗಿ ದಾಟಿಸಲಾರದೆ ತಾನೇ ಹಿಡಿದುಕೊಂಡ. ಅಂಚಿನ ರಕ್ಷಕ ಚೆಂಡಿಲ್ಲದ ಓಟಗಾರನ ಬೆನ್ನು ಹತ್ತಿ ಹೋಗುತ್ತಿದ್ದ. ಇದನ್ನು ಕಂಡ ಹುಡುಗ ಆ ರಕ್ಷಕ ಬಿಟ್ಟುಹೋದ ಖಾಲಿ ಜಾಗದಲ್ಲಿ ಓಡಿದ. ಹಾಗೇಕೆ ಮಾಡಿದೆ ಎಂದು ಕೋಚ್ ಕೇಳಿದಾಗ, ಆ ರಕ್ಷಕ ಒಳಗೆ ಓಡುತ್ತಿದ್ದುದನ್ನು ನೋಡಿದೆ ಎಂದನಂತೆ. ಬೈದು ಸುಮ್ಮನಾಗುವ ಬದಲು ರಾಡ್ರಿಗೆಜ್ ಅದನ್ನೇ ತಂತ್ರ ಮಾಡಿದರು.

ಅಂಚಿನ ಒಬ್ಬ ರಕ್ಷಕನನ್ನು ಬೇಕೆಂದೇ ಯಾರೂ ತಡೆಯದೆ ಬಿಡುವುದು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು ಆ ಒಬ್ಬನ ಮೇಲೆ ಕಣ್ಣಿಡುವುದು. ಅವನು ಓಟಗಾರನತ್ತ ನುಗ್ಗಿದರೆ ಚೆಂಡನ್ನು ಹಿಂದಕ್ಕೆಳೆದು ತಾನು ಓಡುವುದು. ಅವನು ನಿಂತಲ್ಲೇ ಕಾದರೆ ಓಟಗಾರನಿಗೆ ಕೊಟ್ಟುಬಿಡುವುದು. ಆ ಬಡಪಾಯಿ ರಕ್ಷಕ ಏನು ಮಾಡಿದರೂ ತಪ್ಪೇ. ಅವನು ಎಷ್ಟು ಬಲಿಷ್ಠನಾದರೂ ಪ್ರಯೋಜನವಿಲ್ಲ, ಅವನನ್ನು ಯಾರೂ ಮುಟ್ಟುವುದೇ ಇಲ್ಲ! ಅವನ ಲೆಕ್ಕ ಚುಕ್ತಾ ಆದ್ದರಿಂದ ಹತ್ತಕ್ಕೆ ಹತ್ತು ಸರಿಹೋಯಿತು. ಜೋನ್ ರೀಡ್ ಎಂಬ ಈ ತಂತ್ರದ ಸೊಗಸು ಇಷ್ಟೆ: ಎದುರಾಳಿಯ ದೈತ್ಯನನ್ನು ಸೋಲಿಸಬೇಕಿಲ್ಲ, ಅವನು ಯಾವ ಕಡೆ ಹೋಗುತ್ತಾನೆಂದು ನೋಡಿದರೆ ಸಾಕು.

ರಾಡ್ರಿಗೆಜ್ ಮುಂದೆ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು. 2003ರ ಋತುವಿನ ನಂತರ ಅಪಲೇಚಿಯನ್ ಸ್ಟೇಟಿನ ಹಿರಿಯ ಕೋಚ್ ಜೆರ್ರಿ ಮೂರ್ ತಮ್ಮ ಹಳೆಯ ಪದ್ಧತಿ ಬಿಟ್ಟು ಈ ವಿದ್ಯೆ ಹಿಡಿದರು, ಅದನ್ನು ಕಲಿಯಲು ಅವರ ಬಳಗ ರಾಡ್ರಿಗೆಜ್ ಅವರಲ್ಲಿಗೇ ಹೋಗಿತ್ತು. ಅರವತ್ತು ದಾಟಿದ ಮೇಲೆ ಹೊಸ ಪಾಠ ಕಲಿಯಲು ಹೊರಟ ಮೂರ್ ಅವರ ಬಗ್ಗೆ ನನಗೆ ತುಂಬ ಗೌರವ. ನಮ್ಮಲ್ಲಿ ಕಂಪ್ಯೂಟರ್ ಬಂದಾಗ ಐವತ್ತಕ್ಕೇ ಕೈಚೆಲ್ಲಿದವರನ್ನು ಕಂಡಿದ್ದೇನೆ.

ಮಿಷಿಗನ್ ತಂಡದ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಮರು ಶನಿವಾರ ಒರೆಗಾನ್ ತಂಡ ಅದೇ ಅಂಗಣಕ್ಕೆ ಬಂದು ಅದೇ ಬಗೆಯ ಸ್ಪ್ರೆಡ್ ಆಟದಿಂದ 39–7ರಲ್ಲಿ ಚಚ್ಚಿತು. ಒಮ್ಮೆ ಕ್ವಾರ್ಟರ್‌ಬ್ಯಾಕ್ ಡೆನಿಸ್ ಡಿಕ್ಸನ್ ಚೆಂಡನ್ನು ಬೆನ್ನ ಹಿಂದಿನಿಂದ ಕೊಟ್ಟಂತೆ ನಟಿಸಿ ತಾನೇ ಓಡಿ ಟಚ್‌ಡೌನ್ ಮಾಡಿದ. ಲಕ್ಷ ಜನರ ಕಣ್ಣಿಗೆ ಮಣ್ಣೆರಚಿದಂತೆ.

ಇಲ್ಲಿಂದ ಅಕ್ಟೋಬರ್ ಮಧ್ಯದವರೆಗೆ ಪ್ರತಿ ಶನಿವಾರವೂ ಯಾರಾದರೂ ದೊಡ್ಡವರು ಉರುಳುತ್ತಿದ್ದರು. ಎಲ್ಲವನ್ನೂ ಹೇಳಿದರೆ ಪುಟ ಸಾಲದು, ಎರಡು ಶನಿವಾರ ಸಾಕು.

ಅಕ್ಟೋಬರ್ 6ರಂದು ಲಾಸ್ ಏಂಜಲಿಸ್‌ನಲ್ಲಿ 2ನೇ ಸ್ಥಾನದ ಸದರ್ನ್ ಕ್ಯಾಲಿಫೋರ್ನಿಯಾ ಎದುರು ಸ್ಟ್ಯಾನ್‌ಫರ್ಡ್. ಹಿಂದಿನ ವರ್ಷ 12ರಲ್ಲಿ 11 ಪಂದ್ಯ ಸೋತ ತಂಡ. ಪಣ ಕಟ್ಟುವವರ ಅಂದಾಜಿನಲ್ಲಿ ಅದು 41 ಅಂಕದಿಂದ ಸೋಲಬೇಕಿತ್ತು. ಮುಖ್ಯ ಕ್ವಾರ್ಟರ್‌ಬ್ಯಾಕ್ ಅನಾರೋಗ್ಯದಿಂದ ಹೊರಗುಳಿದು, ತವಿಟಾ ಪ್ರಿಚರ್ಡ್ ಎಂಬ ಹುಡುಗ ಮೊದಲ ಬಾರಿ ಆರಂಭದಿಂದ ಆಡುತ್ತಿದ್ದ. 49 ಸೆಕೆಂಡು ಉಳಿದಿರುವಾಗ, ನಾಲ್ಕನೇ ಹಾಗೂ ಕೊನೆಯ ಅವಕಾಶದಲ್ಲಿ, ಆ ಹುಡುಗ ಮೂಲೆಗೆಸೆದ ಚೆಂಡನ್ನು ಮಾರ್ಕ್ ಬ್ರಾಡ್‌ಫರ್ಡ್ ಹಿಡಿದ. 24–23. ತವರಿನಲ್ಲಿ ಸತತ 35 ಪಂದ್ಯ ಗೆದ್ದವರ ಸರಪಳಿ ಕಡಿಯಿತು. ಇಲ್ಲಿ ಸ್ಪ್ರೆಡ್ ತಂತ್ರದ ಹೆಗ್ಗಳಿಕೆ ಏನೂ ಇಲ್ಲ ಎಂಬುದನ್ನು ಹೇಳಲೇಬೇಕು. ಸದರ್ನ್ ಕ್ಯಾಲಿಫೋರ್ನಿಯಾದ ಕ್ವಾರ್ಟರ್‌ಬ್ಯಾಕ್ ಬೆರಳು ಮುರಿದುಕೊಂಡೂ ಆಟ ಮುಂದುವರಿಸಿ ನಾಲ್ಕು ಬಾರಿ ಚೆಂಡನ್ನು ಎದುರಾಳಿಯ ಕೈಗೆ ಕೊಟ್ಟ. ಆತನನ್ನು ಕೂರಿಸದ ಹಿರಿಯರ ಹಟ ಅರ್ಧ, ಸ್ಟ್ಯಾನ್‌ಫರ್ಡ್ ಹುಡುಗರ ಎದೆಗಾರಿಕೆ ಅರ್ಧ ಎಂದು ನನ್ನ ಲೆಕ್ಕ.

ಅಕ್ಟೋಬರ್ 13, ಸರಿಯಾಗಿ ಅರ್ಧ ಋತು. 1ನೇ ಸ್ಥಾನದ ಲೂಸಿಯಾನಾ ಸ್ಟೇಟ್ ತಂಡವನ್ನು ಕೆಂಟಕಿ ಮೂರು ಹೆಚ್ಚುವರಿ ಸರದಿಗಳ ಬಳಿಕ 43–37ರಲ್ಲಿ ಸೋಲಿಸಿತು. ಸುದ್ದಿ 2ನೇ ಸ್ಥಾನದ ಕ್ಯಾಲಿಫೋರ್ನಿಯಾಕ್ಕೆ ಮುಟ್ಟಿತು. ತಾವು ಆ ದಿನ ಒರೆಗಾನ್ ಸ್ಟೇಟ್ ವಿರುದ್ಧ ಗೆದ್ದರೆ ದೇಶಕ್ಕೇ ಮೊದಲಿಗರು! 31–28ರಲ್ಲಿ ಹಿಂದಿದ್ದರೂ ಚೆಂಡು ಎದುರಾಳಿಯ ಪಟ್ಟಿಯ ಹತ್ತಿರಕ್ಕೆ ಬಂದಿತ್ತು. ಕೆಲವೇ ಸೆಕೆಂಡು, ಗಡಿಯಾರ ನಿಲ್ಲಿಸುವ ಹಕ್ಕು ಮುಗಿದಿತ್ತು. ಚೆಂಡನ್ನು ಹೊರಕ್ಕೆಸೆದಿದ್ದರೆ ಗಡಿಯಾರ ನಿಲ್ಲುತ್ತಿತ್ತು, ಫೀಲ್ಡ್ ಗೋಲ್ ಹೊಡೆದು ಸಮ ಮಾಡಬಹುದಿತ್ತು. ಗಾಯಗೊಂಡ ಹಿರಿಯನ ಬದಲಿಗೆ ಆಡುತ್ತಿದ್ದ ಕೆವಿನ್ ರೈಲಿ ಎಂಬ ಮೊದಲ ವರ್ಷದ ಹುಡುಗ ಓಡಿದ, ಸಿಕ್ಕಿಬಿದ್ದ, ಗಡಿಯಾರ ಓಡಿ ಮುಗಿಯಿತು. ಆ ಹುಡುಗನನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ಕೆನ್ನುತ್ತದೆ. ಮರುದಿನ ಬಂದ ಅಧಿಕೃತ ಪಟ್ಟಿಯಲ್ಲಿ 2ನೇ ಸ್ಥಾನ ಯಾರದು ಗೊತ್ತೇ? ಸೌತ್ ಫ್ಲೋರಿಡಾ. ಅವರು ಫುಟ್‌ಬಾಲ್ ತಂಡ ಕಟ್ಟಿದ್ದೇ 1997ರಲ್ಲಿ. ಹತ್ತು ವರ್ಷದ ಮಗು ನೂರು ವರ್ಷದ ಅಜ್ಜಂದಿರ ಪಂಕ್ತಿಯಲ್ಲಿ ಕುಳಿತಂತೆ. ನಾಲ್ಕೇ ದಿನದಲ್ಲಿ ರಟ್ಗರ್ಸ್ ಅವರನ್ನು 30–27ರಿಂದ ಎಬ್ಬಿಸಿ ಕಳಿಸಿತು ಎಂಬುದು ಬೇರೆ ಮಾತು.

ಬಡವರ ತಂತ್ರ ಒಂದೇ ಅಲ್ಲ. ಟೆಕ್ಸಾಸ್ ಟೆಕ್ ತಂಡದ ಮೈಕ್ ಲೀಚ್ ಕಾನೂನು ಪದವೀಧರರು. ಕಾಲೇಜು ಮಟ್ಟದಲ್ಲಿ ಈ ಆಟ ಆಡಿದವರೇ ಅಲ್ಲ. ತಮ್ಮ ಗುರು ಹಾಲ್ ಮಮ್ಮಿ ಜತೆ ಅಯೋವಾ ವೆಸ್ಲಿಯನ್ ಎಂಬ ಪುಟ್ಟ ಕಾಲೇಜಿನಲ್ಲಿ ಅವರು ಏರ್ ರೇಡ್ ಎಂಬ ಪದ್ಧತಿ ಬೆಳೆಸಿದರು. ಓಡುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟು, ಸಣ್ಣ ಸಣ್ಣ ಎಸೆತಗಳಿಂದ ಅಂಗಣ ದಾಟುವುದು. ಪಾಠ ಬಹಳ ಕಡಿಮೆ, ಅಭ್ಯಾಸ ಬಹಳ ಹೆಚ್ಚು, ಮಗ್ಗಿ ಕಲಿತಂತೆ. ಮುಂದಿನ ಐವರು ದೈತ್ಯರನ್ನೂ ಒಬ್ಬರಿಂದೊಬ್ಬರು ದೂರ ನಿಲ್ಲಿಸಿದರು. ಗೋಡೆಯಲ್ಲಿ ಸಂದಿ ಬಿಟ್ಟರೆ ಕಳ್ಳ ನುಗ್ಗುವುದಿಲ್ಲವೇ ಎಂದು ಕೇಳಬಹುದು. ಸಂದಿ ದೊಡ್ಡದಾದಷ್ಟೂ ಅಂಚಿನಿಂದ ನುಗ್ಗುವವನಿಗೆ ಕ್ವಾರ್ಟರ್‌ಬ್ಯಾಕ್‌ವರೆಗಿನ ದಾರಿ ದೂರವಾಗುತ್ತದೆ ಎಂಬುದು ಉತ್ತರ. ಅಷ್ಟರಲ್ಲಿ ಚೆಂಡು ಹೋಗಿರುತ್ತದೆ. 2007ರಲ್ಲಿ ಅವರ ಮೈಕೆಲ್ ಕ್ರ್ಯಾಬ್‌ಟ್ರೀ ಒಂದೇ ಋತುವಿನಲ್ಲಿ 134 ಎಸೆತ ಹಿಡಿದು 22 ಟಚ್‌ಡೌನ್ ಮಾಡಿದ. ಲೀಚ್ 2022ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಶಿಷ್ಯರು ಇಂದು ದೇಶದ ಉದ್ದಗಲಕ್ಕೂ ಇದ್ದಾರೆ.

ಇದಕ್ಕೆ ತದ್ವಿರುದ್ಧ ನೇವಿ, ಅಂದರೆ ನೌಕಾ ಅಕಾಡೆಮಿಯ ತಂಡ. ಅಲ್ಲಿ ಓದಿದವರು ಕಡಿಮೆಯೆಂದರೂ ಐದು ವರ್ಷ ಸೇನೆಯಲ್ಲಿ ದುಡಿಯಬೇಕು. ವೃತ್ತಿಪರ ಆಟದ ಕನಸಿರುವ ದೈತ್ಯ ಹುಡುಗರು ಅತ್ತ ತಲೆ ಹಾಕುವುದಿಲ್ಲ. ಅವರು ಚೆಂಡು ಎಸೆಯುವುದೇ ಅಪರೂಪ. ಒಂದೇ ಆಟದಲ್ಲಿ ಮೂರು ದಾರಿ ತೆರೆದಿಟ್ಟು, ಎದುರಾಳಿಯ ನಡೆ ನೋಡಿ ಓಡುತ್ತಲೇ ದಾರಿ ಆರಿಸುತ್ತಾರೆ. ಮೊದಲನೆಯವನಿಗೆ ಕೊಡು, ಇಲ್ಲವೇ ನೀನು ಓಡು, ಇಲ್ಲವೇ ಪಕ್ಕದವನಿಗೆ ದಾಟಿಸು. 2007ರ ನವೆಂಬರ್ 3ರಂದು ಅವರು ನಾಟರ್‌ಡೇಮ್ ತಂಡವನ್ನು ಮೂರು ಹೆಚ್ಚುವರಿ ಸರದಿಗಳಲ್ಲಿ 46–44ರಿಂದ ಸೋಲಿಸಿದರು. ಅದಕ್ಕೆ ಮೊದಲು ಸತತ 43 ವರ್ಷ ಸೋತಿದ್ದರು. ಕೊನೆಯ ಗೆಲುವು 1963ರದ್ದು. ಅಪ್ಪಂದಿರೂ ನೋಡದ ಗೆಲುವನ್ನು ಮಕ್ಕಳು ನೋಡಿದರು.

ಇಷ್ಟೆಲ್ಲ ಆದ ಮೇಲೆ ದೊಡ್ಡವರು ಏನು ಮಾಡಿದರು? ದೊಡ್ಡವರು ಎಲ್ಲೆಡೆ ಮಾಡುವುದನ್ನೇ. ವಿದ್ಯೆಯನ್ನು ಖರೀದಿಸಿದರು. ಅದೇ 2007ರ ಡಿಸೆಂಬರ್‌ನಲ್ಲಿ ಮಿಷಿಗನ್ ತನ್ನನ್ನು ಕೆಡವಿದ ತಂತ್ರದ ಜನಕ ರಾಡ್ರಿಗೆಜ್ ಅವರನ್ನೇ ಕರೆತಂದಿತು. ಒಪ್ಪಂದ ಮುರಿದದ್ದಕ್ಕೆ ವೆಸ್ಟ್ ವರ್ಜೀನಿಯಾಕ್ಕೆ 40 ಲಕ್ಷ ಡಾಲರ್ ಪರಿಹಾರ ತೆರಬೇಕಾಯಿತು, ಅದರಲ್ಲಿ 25 ಲಕ್ಷ ಮಿಷಿಗನ್ ಪಾಲು. ಆದರೆ ತಂತ್ರ ತಂದವರು ಅದಕ್ಕೆ ಹೊಂದುವ ಹುಡುಗರನ್ನು ತಂದಿರಲಿಲ್ಲ. 2008ರಲ್ಲಿ ಮಿಷಿಗನ್ 3 ಗೆದ್ದು 9 ಸೋತಿತು. 2011ರ ಜನವರಿಯಲ್ಲಿ ರಾಡ್ರಿಗೆಜ್ ಅವರನ್ನು ಮನೆಗೆ ಕಳಿಸಿದರು. ಸೀರೆ ಕೊಂಡ ಮೇಲೆ ಉಡಲು ಬರಬೇಕಲ್ಲ.

ನಿಧಾನವಾಗಿ ಉಡಲೂ ಕಲಿತರು. 2007ರಲ್ಲಿ ಅಲಬಾಮಾ ವಿಶ್ವವಿದ್ಯಾಲಯ ನಿಕ್ ಸೇಬನ್ ಅವರನ್ನು 8 ವರ್ಷಕ್ಕೆ 3 ಕೋಟಿ 20 ಲಕ್ಷ ಡಾಲರ್‌ಗೆ ತಂದಿತ್ತು. ಅವರದು ಹಳೆಯ ಬಲದ ಆಟ. ಆ ವರ್ಷ ಅವರೂ ಲೂಸಿಯಾನಾ ಮನ್ರೋ ಎಂಬ ಬಡ ಕಾಲೇಜಿಗೆ 21–14ರಲ್ಲಿ ಸೋತಿದ್ದರು. ಅದೇ ಸೇಬನ್ 2014ರ ಹೊತ್ತಿಗೆ ಹೊಸ ಆಕ್ರಮಣಕ್ಕೆ ಬಾಗಿಲು ತೆರೆದರು, 2020ರಲ್ಲಿ ಎಸೆತದ ಆಟದಿಂದಲೇ ಚಾಂಪಿಯನ್ ಆದರು. 2019ರಲ್ಲಿ ಲೂಸಿಯಾನಾ ಸ್ಟೇಟಿನ ಜೋ ಬರೋ 60 ಟಚ್‌ಡೌನ್ ಎಸೆದು ತಂಡಕ್ಕೆ 15ಕ್ಕೆ 15 ಗೆಲುವು ತಂದಿತ್ತ. ಗುಡ್ಡದ ಕಾಲೇಜುಗಳ ಬಡತನದಲ್ಲಿ ಹುಟ್ಟಿದ ವಿದ್ಯೆ ಅರಮನೆ ಸೇರಿತು. ಬಲವೂ ಅವರದೇ, ಬಯಲೂ ಅವರದೇ ಎಂದ ಮೇಲೆ ಚಿಕ್ಕವರು ಮತ್ತೆ ಹೊಸದನ್ನು ಹುಡುಕಬೇಕು. 2007ರ ಋತುವಿನ ಕೊನೆಗೂ ಪಟ್ಟ ಕಟ್ಟಿಸಿಕೊಂಡದ್ದು ಲೂಸಿಯಾನಾ ಸ್ಟೇಟೇ ಎಂಬುದನ್ನು ಮರೆಯುವಂತಿಲ್ಲ. ಎರಡು ಪಂದ್ಯ ಸೋತಿದ್ದರೂ 2008ರ ಜನವರಿ 7ರಂದು ಒಹಾಯೊ ಸ್ಟೇಟನ್ನು 38–24ರಿಂದ ಸೋಲಿಸಿ.

ಕೋಚುಗಳ ಕೋಟಿ ಹೇಳಿದೆ. ಆಡುವ ಹುಡುಗರಿಗೆ ಏನು? ಆ ಕಾಲದಲ್ಲಿ ಫೀಸು, ಊಟ, ವಸತಿ, ಪುಸ್ತಕ. ಅಷ್ಟೇ. ಲಕ್ಷ ಜನ ಟಿಕೇಟು ಕೊಂಡು ನೋಡುವ ಆಟಕ್ಕೆ ಸಂಬಳ ಎಂಬುದು ನಿಷಿದ್ಧವಾಗಿತ್ತು, ತನ್ನ ಹೆಸರಿನ ಜಾಹೀರಾತಿಗೂ ಹಣ ಪಡೆಯುವಂತಿರಲಿಲ್ಲ. ಮೈಗಾದ ಪೆಟ್ಟು ಮಾತ್ರ ಸ್ವಂತದ್ದು. ಮಿಷಿಗನ್ ಜನರನ್ನು ಬೆರಗುಗೊಳಿಸಿದ ಡೆನಿಸ್ ಡಿಕ್ಸನ್ ನವೆಂಬರ್ ಹೊತ್ತಿಗೆ ತಂಡವನ್ನು 2ನೇ ಸ್ಥಾನಕ್ಕೆ ತಂದಿದ್ದ. 15ರಂದು ಅರಿಝೋನಾದಲ್ಲಿ ಮೊದಲೇ ನೋಯುತ್ತಿದ್ದ ಮೊಣಕಾಲು, ಯಾರೂ ಮುಟ್ಟದೆಯೇ ಕುಸಿಯಿತು. ಒರೆಗಾನ್ ಕನಸೂ ಅಲ್ಲೇ ಕುಸಿಯಿತು. ಕ್ವಾರ್ಟರ್‌ಬ್ಯಾಕ್ ಕೂಡ ಓಡಲಿ ಎಂಬ ಲೆಕ್ಕದಲ್ಲಿ ಹತ್ತಕ್ಕೆ ಹತ್ತು ಸರಿಹೋಗುತ್ತದೆ ಎಂದೆನಲ್ಲ, ಆ ಲೆಕ್ಕದ ಖರ್ಚಿನ ಕಡೆಯೂ ಒಂದಿದೆ. ಓಡುವವನಿಗೆ ಪೆಟ್ಟು ಬೀಳುತ್ತದೆ. ಇನ್ನು ತಲೆಗೆ ಬೀಳುವ ಪೆಟ್ಟು ಹೊರಗೆ ಕಾಣುವುದೇ ಇಲ್ಲ. 2010ರಲ್ಲಿ ತೀರಿಕೊಂಡ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 21ರ ಹರೆಯದ ಆಟಗಾರನೊಬ್ಬನ ಮೆದುಳಿನಲ್ಲಿ, ಪದೇಪದೇ ಪೆಟ್ಟು ತಿಂದವರಿಗೆ ಬರುವ ರೋಗದ ಆರಂಭ ಕಂಡುಬಂತು. ಹೆಲ್ಮೆಟ್‌ನಿಂದ ಎದುರಾಳಿಯ ತಲೆಗೆ ಗುರಿಯಿಟ್ಟು ಗುದ್ದಿದವನನ್ನು ಅಂಗಣದಿಂದ ಹೊರಗಟ್ಟುವ ನಿಯಮ ಬಂದದ್ದು 2013ರಲ್ಲಿ. ಮಕ್ಕಳನ್ನು ಅಲ್ಲಿ ಬೆಳೆಸುತ್ತಿರುವ ನಮ್ಮ ಕನ್ನಡಿಗ ತಾಯಂದಿರು, ಹೈಸ್ಕೂಲಿನಲ್ಲಿ ಮಗ ಈ ಆಟಕ್ಕೆ ಸೇರುತ್ತೇನೆಂದಾಗ ಹಿಂಜರಿದರೆ ಅದನ್ನು ಹೆದರುಪುಕ್ಕಲುತನ ಎನ್ನಲಾಗದು.

ಹಣದ ನಿಯಮ ಬದಲಾದದ್ದು ಬಹಳ ತಡವಾಗಿ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಗಳಿಸಬಹುದೆಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರ ಹಣ ಕೊಡಬಹುದು. 2025–26ರ ಸಾಲಿಗೆ ಒಂದು ವಿಶ್ವವಿದ್ಯಾಲಯಕ್ಕೆ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಇದರಲ್ಲೂ ಒಂದು ಸಂಕಟವಿದೆ. 2021ರಿಂದ ಕಾಲೇಜು ಬದಲಿಸಿದ ಹುಡುಗ ಒಂದು ವರ್ಷ ಹೊರಗೆ ಕೂರಬೇಕಿಲ್ಲ. ಗುಡ್ಡದ ಕಾಲೇಜಿನಲ್ಲಿ ಇಂದು ಒಬ್ಬ ಅರ್ಮಾಂಟಿ ಎಡ್ವರ್ಡ್ಸ್ ಮಿಂಚಿದರೆ, ಮುಂದಿನ ವರ್ಷ ಅವನನ್ನು ಅಲ್ಲೇ ಉಳಿಸಿಕೊಳ್ಳುವುದು ಸುಲಭವಲ್ಲ. ಹುಡುಗನಿಗೆ ನ್ಯಾಯ ಸಿಕ್ಕಿತು, ಕಾಲೇಜಿಗೆ ನಷ್ಟವಾಯಿತು. ಎರಡರಲ್ಲಿ ಆರಿಸು ಎಂದರೆ ನಾನು ಹುಡುಗನ ಕಡೆ.

ಎಡ್ವರ್ಡ್ಸ್ 2010ರಲ್ಲಿ ವೃತ್ತಿಪರ ತಂಡ ಸೇರಿದ, ಆದರೆ ಕ್ವಾರ್ಟರ್‌ಬ್ಯಾಕ್ ಆಗಿ ಅಲ್ಲ. ಚೆಂಡು ಹಿಡಿಯುವ ಓಟಗಾರನಾಗಿ. ಅಪಲೇಚಿಯನ್ ಸ್ಟೇಟ್ 2014ರಲ್ಲಿ ಮೊದಲ ದರ್ಜೆಗೆ ಏರಿತು. ಆ ವರ್ಷದ ಆಗಸ್ಟ್ 30ರಂದು ಮಿಷಿಗನ್ ಅವರನ್ನು ಅದೇ ಅಂಗಣಕ್ಕೆ ಮತ್ತೆ ಕರೆಸಿ 52–14ರಿಂದ ಸೇಡು ತೀರಿಸಿಕೊಂಡಿತು. 2022ರ ಸೆಪ್ಟೆಂಬರ್ 10ರಂದು 6ನೇ ಸ್ಥಾನದಲ್ಲಿದ್ದ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಇದೇ ಗುಡ್ಡದ ಕಾಲೇಜನ್ನು ತನ್ನ ಮನೆಗೆ ಆಡಲು ಕರೆಯಿತು. ಈ ಬಾರಿ ಕೊಟ್ಟ ಹಣ 15 ಲಕ್ಷ ಡಾಲರ್. ಬೂನ್ ಊರಿನ ಹುಡುಗರು ಹಣವನ್ನೂ ತೆಗೆದುಕೊಂಡರು, ಪಂದ್ಯವನ್ನೂ 17–14ರಿಂದ ಗೆದ್ದುಕೊಂಡು ಊರಿಗೆ ಹೋದರು.